ಸೂಜಿ ಮೇಷ್ಟ್ರ ವಿಳಾಸಕ್ಕೆ ಕಾದು ಕೂತ ಚಿಕ್ಕಮ್ಮ

ಬೆಳಗಿನ ಐದೂ ಮುಕ್ಕಾಲು. ಹೊಲಿಗೆ ಯಂತ್ರದ ಬಿಡಿಭಾಗಗಳ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಅದರ ಕೆಳಗೆ ಬಗ್ಗಿ ಒಳಗೆ ನುಸುಳಿ ಕಿರಿದಾದ ಮೆಟ್ಟಿಲು ಹತ್ತಿದರೆ ಮಹಡಿಯಲ್ಲೊಂದು ಕೋಣೆ. ಒಂದು ಕಡೆ ಪೆಡಲುಗಳ ರಾಶಿ, ಇನ್ನೊಂದು ಕಡೆ ಬೆಲ್ಟಿನ ಸುರುಳಿಗಳು, ನಡುವೆ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಅದರ ಮುಂದೆ ಸ್ವೆಟರಿನ ತೋಳು ಮಡಚಿಕೊಂಡು ಕೂತವರು ಐವತ್ತೇಳು ವರ್ಷದ ಚಿಕ್ಕಮ್ಮ. ಅಂಗಡಿಯ ಯಜಮಾನ ಅವರ ಅಕ್ಕನ ಮಗ. ಅವನು ಕರೆಯುವುದನ್ನು ಕೇಳಿ ಕೇಳಿ, ಕೆಳಗಿನ ಮೆಕ್ಯಾನಿಕ್ಕಿನಿಂದ ಹಿಡಿದು ಸಾಮಾನು ತರುವ ಲಾರಿಯವನ ತನಕ ಎಲ್ಲರಿಗೂ ಅವರು ಚಿಕ್ಕಮ್ಮನೇ.

ದಿನಾ ಈ ಹೊತ್ತಿಗೆ ಅವರು ಮಾಡುವುದು ಹಾಜರಿ. ಹತ್ತೊಂಬತ್ತು ವರ್ಷಗಳಲ್ಲಿ ಈ ಅಂಗಡಿಯ ವೆಬ್‌ಸೈಟಿಗೆ ದಾರಿ ತೋರಿಸುವ ಕೊಂಡಿಯನ್ನು, ಅಂದರೆ ಲಿಂಕನ್ನು, ತಮ್ಮ ಪುಟದಲ್ಲಿ ಹಾಕಿಕೊಂಡವರ ಪಟ್ಟಿ ಅವರ ಬಳಿ ಇದೆ. ದಿನಕ್ಕೆ ಅರವತ್ತು ಪುಟ ತೆರೆಯುತ್ತಾರೆ, ಕೊಂಡಿ ಒತ್ತಿ ನೋಡುತ್ತಾರೆ. ಕೆಲಸ ಮಾಡಿದರೆ "ಇದ್ದಾರೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಇಲ್ಲದಿದ್ದರೆ ಬರೀ ಒಂದು ನಿಟ್ಟುಸಿರು. ಪಟ್ಟಿಯಲ್ಲಿರುವುದು ಒಂಬೈನೂರ ಚಿಲ್ಲರೆ. ಇಂದಿಗೂ ಬದುಕಿರುವುದು ನಾನೂರ ಹನ್ನೆರಡು.

ಇವತ್ತು ಹಾಜರಿಗೆ ರಜೆ. ಇವತ್ತು ಅವರು ಒಂದು ವಿಳಾಸ ಬಿಡುಗಡೆಯಾಗುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಅದು ಸೂಜಿ ಮೇಷ್ಟ್ರ ವೆಬ್‌ಸೈಟಿನ ವಿಳಾಸ. ಕೈಗಾರಿಕಾ ಶಾಲೆಯಲ್ಲಿ ಹೊಲಿಗೆ ಯಂತ್ರದ ರಿಪೇರಿ ಕಲಿಸಿ ನಿವೃತ್ತರಾದವರೊಬ್ಬರು ಅಂತರ್ಜಾಲದಲ್ಲಿ ತಮಗೆ ತಾವೇ ಇಟ್ಟುಕೊಂಡ ಹೆಸರು ಅದು. ಮೇಷ್ಟ್ರು ತೀರಿಕೊಂಡು ಒಂದೂವರೆ ವರ್ಷ. ವಿಳಾಸಕ್ಕೆ ವರ್ಷಾವರ್ಷ ಹಣ ಕಟ್ಟಿ ನವೀಕರಿಸುವವರಿಲ್ಲದೆ ಎರಡೂವರೆ ತಿಂಗಳ ಹಿಂದೆ ಅವರ ಪುಟಗಳು ಮುಚ್ಚಿಹೋದವು. ನಿಯಮದ ಪ್ರಕಾರ ಇವತ್ತು ಆರು ಗಂಟೆಯ ಮೇಲೆ ಯಾವ ಗಳಿಗೆಯಲ್ಲಾದರೂ ಆ ವಿಳಾಸ ಯಾರದೂ ಅಲ್ಲದ್ದಾಗುತ್ತದೆ. ಆಮೇಲೆ ಮೊದಲು ಕೈ ಹಾಕಿದವರದ್ದು. ಇದೇ ಹೊತ್ತಿಗೆ ಇದಕ್ಕಾಗಿಯೇ ಬೇರೆ ಬೇರೆ ಕಡೆ ಇನ್ನೂ ಹತ್ತಾರು ಜನ ಕೂತಿರುತ್ತಾರೆಂದು ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತು. ಪಕ್ಕದಲ್ಲಿಟ್ಟ ಟೀ ಆರಿ ತಣ್ಣಗಾಗಿದೆ.

ಚಿಕ್ಕಮ್ಮ ತಮ್ಮ ಕೆಲಸ ಏನೆಂದು ಹೇಳಿದರೆ ಕೇಳಿದವರು ಹುಬ್ಬೇರಿಸುತ್ತಾರೆ. ಅವರ ಅತ್ತೆಗೆ ಎಂಬತ್ತನಾಲ್ಕು, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು. "ಬೆಳಿಗ್ಗೆ ಎದ್ದು ಕಂಡೋರಿಗೆಲ್ಲಾ ಕಾಗದ ಬರೀತಾಳೆ. ಒಬ್ರಾದ್ರೂ ಮನೆ ಬಾಗಿಲಿಗೆ ಬಂದಿದ್ದು ನಾನು ಕಾಣೆ" ಎನ್ನುವುದು ಅತ್ತೆಯ ವರದಿ. ಅದರಲ್ಲಿ ಸುಳ್ಳೇನೂ ಇಲ್ಲ. ಅಂತರ್ಜಾಲದ ಹುಡುಕುವ ಯಂತ್ರದಲ್ಲಿ, ಅಂದರೆ ಸರ್ಚ್ ಎಂಜಿನ್ನಿನಲ್ಲಿ, ಯಾರೋ "ಹಳೇ ಹೊಲಿಗೆ ಮೆಷಿನ್ ಸೂಜಿ" ಎಂದು ಬರೆದಾಗ ಯಾರ ಹೆಸರು ಮೇಲೆ ಬರಬೇಕು, ಯಾರದು ಕೆಳಗೆ ಎನ್ನುವುದನ್ನು ಆ ಯಂತ್ರ ತೀರ್ಮಾನಿಸುವಾಗ, ಅಂಗಡಿಯವರು ತಮ್ಮ ಬಗ್ಗೆ ತಾವು ಕೊಚ್ಚಿಕೊಂಡದ್ದಕ್ಕಿಂತ ಬೇರೆಯವರು ತೋರಿಸಿಕೊಟ್ಟ ದಾರಿಗಳನ್ನು ಹೆಚ್ಚು ನಂಬುತ್ತದೆ. ಆ ಬೇರೆಯವರನ್ನು ಒಪ್ಪಿಸುವುದೇ ಚಿಕ್ಕಮ್ಮನ ಉದ್ಯೋಗ.

"ಒಳ್ಳೆ ದರ್ಜಿ ಯಾರು ಅಂತ ದರ್ಜಿನ್ನೇ ಕೇಳಿದ್ರೆ ನಾನೇ ಅಂತಾನೆ. ಅದಕ್ಕೇ ಅಕ್ಕಪಕ್ಕದೋರನ್ನ ಕೇಳ್ತೀವಿ. ಅದ್ರಲ್ಲೂ ಬಟ್ಟೆ ಗೊತ್ತಿರೋರು ಒಂದು ಮಾತು ಹೇಳಿದ್ರೆ ಮುಗೀತು, ಇನ್ನೊಬ್ಬರನ್ನ ಕೇಳಲ್ಲ" ಎಂದು ಅವರು ಪರದೆಯಿಂದ ಕಣ್ಣು ತೆಗೆಯದೆ ವಿವರಿಸುತ್ತಾರೆ. "ಹಾದಿಲಿ ಹೋಗೋ ನೂರು ಜನರ ಮಾತೂ ಒಂದೇ, ತಿಳಿದೋರ ಒಂದು ಮಾತೂ ಒಂದೇ. ಆ ಒಂದು ಮಾತಿಗೇ ನಾನು ತಿಂಗಳುಗಟ್ಟಲೆ ಕಾಗದ ಬರೆಯೋದು."

ಈ ಲೆಕ್ಕಾಚಾರ ಅವರಿಗೆ ಯಾವ ತರಬೇತಿಯಿಂದಲೂ ಬಂದದ್ದಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಟೆಲಿಫೋನ್ ವಿಚಾರಣಾ ವಿಭಾಗ ಸೇರಿದವರು ಹದಿನಾಲ್ಕು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನವರಿಗೆಲ್ಲ ನಂಬರು ಹುಡುಕಿಕೊಟ್ಟರು. ಉದ್ದನೆಯ ಕೋಣೆ, ಸಾಲಾಗಿ ಹನ್ನೆರಡು ಹೆಂಗಸರು, ಗೋಡೆಯ ಮೇಲೆ ಎರಡು ನಿಮಿಷ ಮುಂದೆ ಓಡುವ ಗಡಿಯಾರ. ನಂಬರು ಕೇಳುವವರಿಗಿಂತ ಮನುಷ್ಯರನ್ನು ಕೇಳುವವರೇ ಹೆಚ್ಚು. ಕನ್ನಡಕದ ಕಾಲು ಮುರಿದಿದೆ, ಯಾರ ಹತ್ತಿರ ಹೋಗಲಿ? ಮಗುವಿಗೆ ಜ್ವರ, ಈ ಹೊತ್ತಲ್ಲಿ ಬಾಗಿಲು ತೆಗೆಯುವ ಡಾಕ್ಟರು ಯಾರು? ಪುಸ್ತಕದಲ್ಲಿರುವ ನಂಬರು ಮಾತ್ರ ಕೊಡಬೇಕೆಂಬುದು ಕಾನೂನು. ಹನ್ನೆರಡು ಹೆಂಗಸರೂ ಆ ಕಾನೂನನ್ನು ಕಿವಿಗೆ ಹಾಕಿಕೊಂಡದ್ದೇ ಇಲ್ಲ. ತಮ್ಮ ಅತ್ತಿಗೆ ಹೋದ ಡಾಕ್ಟರು, ತಮ್ಮ ಮಾವ ಮೆಚ್ಚಿದ ಕನ್ನಡಕದವನು, ಹೀಗೆ ಬಾಯಿಂದ ಬಾಯಿಗೆ ಊರು ನಡೆಯುತ್ತಿತ್ತು. "ನಾವು ಗೊತ್ತಿಲ್ಲದೋರ ನಂಬರ್ ಕೊಡ್ತಿರ್ಲಿಲ್ಲ. ಕೊಟ್ರೆ ನಾಳೆ ಫೋನ್ ಮಾಡಿ ಬಯ್ತಿದ್ರು" ಎನ್ನುವಾಗ ಅವರ ದನಿ ಮೆತ್ತಗಾಗುತ್ತದೆ. ಆ ಕೋಣೆ ಮುಚ್ಚಿದ ದಿನ ಹನ್ನೆರಡು ಜನವೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ನಡೆದರಂತೆ. ಅವರಲ್ಲಿ ಐದು ಜನ ಈಗಿಲ್ಲ.

ಕೆಲಸ ಹೋಗಿ ಎರಡು ವರ್ಷ ಮನೆಯಲ್ಲಿ ಕೂತಿದ್ದವರನ್ನು ಅಂಗಡಿಗೆ ಕರೆದದ್ದು ಭಾವ, ಅಂದರೆ ಈಗಿನ ಯಜಮಾನನ ತಂದೆ. ಹೊಸದಾಗಿ ವೆಬ್‌ಸೈಟ್ ಮಾಡಿಸಿದ್ದರು. ಅದನ್ನು ಯಾರೂ ನೋಡುತ್ತಿರಲಿಲ್ಲ. "ನಿನಗೆ ಜನರ ಹತ್ರ ಮಾತಾಡೋದು ಗೊತ್ತು, ಏನಾದ್ರೂ ಮಾಡು" ಎಂದು ಹೇಳಿ ಭಾವ ಕೈ ತೊಳೆದುಕೊಂಡರು. ಆಗಿನ ಅಂತರ್ಜಾಲವನ್ನು ನೆನೆಸಿಕೊಂಡರೆ ಚಿಕ್ಕಮ್ಮನ ಮುಖ ಅರಳುತ್ತದೆ. ಹವ್ಯಾಸಿಗಳು ತಮ್ಮ ಕೈಯಾರೆ ಕಟ್ಟಿದ ಪುಟಗಳು, ಕಣ್ಣು ಕುಕ್ಕುವ ಹಳದಿ ಹಿನ್ನೆಲೆ, ಮಿಣಿಮಿಣಿ ನಕ್ಷತ್ರ, ಕೊನೆಯಲ್ಲಿ "ನನಗೆ ಇಷ್ಟವಾದ ತಾಣಗಳು" ಎಂಬ ಪಟ್ಟಿ. ಅಂಥ ಪಟ್ಟಿಯಲ್ಲಿ ಜಾಗ ಬೇಕೆಂದರೆ ಆ ಮನುಷ್ಯನಿಗೆ ಕಾಗದ ಬರೆಯಬೇಕು. ಇ-ಮೇಲನ್ನು ಅವರು ಇವತ್ತಿಗೂ ಕಾಗದವೆಂದೇ ಕರೆಯುತ್ತಾರೆ.

ಅವರು ಬರೆಯುವ ಕ್ರಮವೂ ಬೇರೆ. ಮೊದಲು ಆ ತಾಣದ ಪುಟಗಳನ್ನೆಲ್ಲ ಓದಿ, ಒಂದೊಂದನ್ನೂ ತಮ್ಮ ಕಂಪ್ಯೂಟರಿನಲ್ಲಿ ಇಳಿಸಿಟ್ಟುಕೊಳ್ಳುತ್ತಾರೆ. ಅಲ್ಲಿರುವ ಪ್ರತಿ ಕೊಂಡಿಯನ್ನೂ ಒತ್ತಿ, ಯಾವುದು ಸತ್ತಿದೆ ಎಂದು ಗುರುತು ಮಾಡುತ್ತಾರೆ. ಆಮೇಲೆ ಬರೆಯುತ್ತಾರೆ: ನಿಮ್ಮ ಈ ಈ ಮೂರು ಕೊಂಡಿ ಕೆಲಸ ಮಾಡುತ್ತಿಲ್ಲ, ಸರಿಪಡಿಸಿಕೊಳ್ಳಿ, ಅವುಗಳಲ್ಲೊಂದರ ಜಾಗಕ್ಕೆ ನಮ್ಮ ಪುಟ ಉಪಯೋಗಕ್ಕೆ ಬರಬಹುದು, ಬರದಿದ್ದರೂ ಬೇಜಾರಿಲ್ಲ. ದಿನಕ್ಕೆ ಹನ್ನೆರಡು ಕಾಗದ. ಆಗ ಹನ್ನೆರಡಕ್ಕೆ ಐದು ಉತ್ತರ ಬರುತ್ತಿದ್ದವು. ಈಗ ಇಪ್ಪತ್ತಕ್ಕೆ ಒಂದು ಬಂದರೆ ಅವತ್ತು ಅವರು ಮನೆಗೆ ಹೋಗಿ ಅತ್ತೆಗೆ ಹೇಳುತ್ತಾರೆ.

ಸೂಜಿ ಮೇಷ್ಟ್ರು ಮಾತ್ರ ಸುಲಭಕ್ಕೆ ಬಗ್ಗಿದ ಆಸಾಮಿ ಅಲ್ಲ. ಕಾಲಲ್ಲಿ ತುಳಿಯುವ ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಹೇಗೆಂದು ಎಪ್ಪತ್ತೊಂದು ಪುಟಗಳಲ್ಲಿ ಫೋಟೋ ಸಮೇತ ಬರೆದಿದ್ದರು. ಚಿಕ್ಕಮ್ಮನ ಮೊದಲ ಕಾಗದಕ್ಕೆ ಬಂದ ಉತ್ತರ ಒಂದೇ ಸಾಲು: "ನಿಮ್ಮ ಪುಟದಲ್ಲಿ ಬಾಬಿನ್ ಕೂರಿಸುವ ಚಿತ್ರ ತಲೆಕೆಳಗಾಗಿದೆ." ಸರಿಪಡಿಸಿ ಮತ್ತೆ ಬರೆದರು. "ಸೂಜಿಯ ಅಳತೆ ತಪ್ಪು." ಅದನ್ನೂ ತಿದ್ದಿದರು. ಎಣ್ಣೆ ಹಾಕುವ ಜಾಗ, ಬೆಲ್ಟಿನ ಬಿಗಿ, ಸ್ಕ್ರೂ ತಿರುಗಿಸುವ ದಿಕ್ಕು. ಹೀಗೆ ಒಂದು ವರ್ಷದಲ್ಲಿ ಏಳು ಕಾಗದ. ಏಳನೆಯದಕ್ಕೆ ಬಂದ ಉತ್ತರ: "ಈಗ ಇದನ್ನು ನಂಬಿ ಯಾರಾದರೂ ಯಂತ್ರ ಬಿಚ್ಚಬಹುದು. ಹಾಕಿದ್ದೇನೆ." ಮೇಷ್ಟ್ರ ಪಟ್ಟಿಯಲ್ಲಿ ಅಂಗಡಿಗೆ ಏಳನೆಯ ಸ್ಥಾನ ಸಿಕ್ಕಿತು. ಎರಡೇ ತಿಂಗಳಲ್ಲಿ ಹುಡುಕುವ ಯಂತ್ರದ ಐದನೇ ಪುಟದ ಮೂಲೆಯಲ್ಲಿದ್ದ ಅಂಗಡಿ ಮೊದಲ ಪುಟಕ್ಕೆ ಬಂತು.

ತಮ್ಮ ದೊಡ್ಡ ತಪ್ಪನ್ನು ಚಿಕ್ಕಮ್ಮ ಮುಚ್ಚಿಡುವುದಿಲ್ಲ. ಆರನೆಯ ವರ್ಷ ಅವರಿಗೂ ಆತುರ ಹತ್ತಿತು. ಯಾರೋ ಒಬ್ಬರು ದುಡ್ಡಿಗೆ ನಾಲ್ಕು ಸಾವಿರ ಕೊಂಡಿಗಳನ್ನು ಒಟ್ಟಿಗೇ ಕೊಡುತ್ತೇನೆಂದರು, ಇವರು ಹೂಂ ಅಂದರು. ಒಂಬತ್ತು ದಿನಕ್ಕೆ ಅಂಗಡಿ ಎಲ್ಲರಿಗಿಂತ ಮೇಲೆ. ನಲವತ್ತನೆಯ ದಿನ ಹುಡುಕುವ ಯಂತ್ರ ಮೋಸ ಹಿಡಿಯಿತು, ಅಂಗಡಿ ಎಲ್ಲೂ ಇಲ್ಲ. "ಜೂಜಿನ ಪುಟ, ಔಷಧಿ ಪುಟ, ಹಾಳುಮೂಳೆಲ್ಲಾ ನಮ್ಮನ್ನ ಹೊಗಳ್ತಾ ಇತ್ತು. ನಾನು ತೆರೆದು ನೋಡೇ ಇರ್ಲಿಲ್ಲ. ಹದಿನಾಲ್ಕು ವರ್ಷ ಗೊತ್ತಿಲ್ಲದೋರ ನಂಬರ್ ಕೊಡದೋಳು ನಾನು, ನೋಡಿ." ಕೊಂಡಿ ಹಾಕಿ ಎಂದು ಬರೆಯುತ್ತಿದ್ದವರು ಆಮೇಲೆ ಹನ್ನೊಂದು ತಿಂಗಳು ದಯವಿಟ್ಟು ತೆಗೆಯಿರಿ ಎಂದು ಬರೆದರು. ಆ ದಿನಗಳಲ್ಲಿ ಹಳೆಯ ಸ್ನೇಹಿತರೂ ಒಬ್ಬೊಬ್ಬರಾಗಿ ಅಂಗಡಿಯ ಹೆಸರು ಅಳಿಸಿದರು. ಸೂಜಿ ಮೇಷ್ಟ್ರು ಬರೆದದ್ದು: "ತೆಗೆಯುವುದಿಲ್ಲ. ಬಾಬಿನ್ ಚಿತ್ರ ಈಗಲೂ ಸರಿಯಾಗಿಯೇ ಇದೆ." ಅದನ್ನು ಓದಿ ಇದೇ ಮೇಜಿನ ಮುಂದೆ ಕೂತು ಅತ್ತುಬಿಟ್ಟೆ ಎನ್ನುತ್ತಾರೆ ಚಿಕ್ಕಮ್ಮ.

ಈಗ ಆ ವಿಳಾಸ ಎಲ್ಲರಿಗೂ ಏಕೆ ಬೇಕು ಎಂದರೆ, ಆರುನೂರ ಮೂವತ್ತು ಕಡೆಗಳಿಂದ ಜನ ಮೇಷ್ಟ್ರ ಪುಟಕ್ಕೆ ಕೊಂಡಿ ಹಾಕಿದ್ದಾರೆ. ಶಾಲೆಗಳು, ಗ್ರಂಥಾಲಯಗಳು, ಮಹಿಳಾ ಸಂಘಗಳು. ಸತ್ತವರ ವಿಳಾಸ ಹಿಡಿದು ಅಲ್ಲಿಗೆ ಬರುವ ದಾರಿಗಳನ್ನೆಲ್ಲ ತಮ್ಮ ಅಂಗಡಿಗೆ ತಿರುಗಿಸಿಕೊಳ್ಳುವುದು ಈ ಕಸುಬಿನ ಹಳೆಯ ರೂಢಿ. ಅಕ್ಕನ ಮಗನ ಆಸೆಯೂ ಅದೇ. ಅವನನ್ನು ದೂರುವಂತಿಲ್ಲ: ದೊಡ್ಡ ಕಂಪನಿಗಳ ನಡುವೆ ಅಂಗಡಿ ಮತ್ತೆ ಎರಡನೇ ಪುಟಕ್ಕೆ ಜಾರಿದೆ, ಮೇಷ್ಟ್ರ ಕೊಂಡಿ ಹೋದ ಮೇಲಂತೂ ಫೋನುಗಳು ಅರ್ಧಕ್ಕಿಳಿದಿವೆ. "ನಾನೂ ಎರಡು ಸಲ ಹಾಗೆ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಚಿಕ್ಕಮ್ಮ. "ಅವರು ಯಾರು ಅಂತ ನಂಗೆ ಗೊತ್ತಿರ್ಲಿಲ್ಲ. ಇವರು ಗೊತ್ತು."

ಎರಡು ತಿಂಗಳು ಅವರು ಮೇಷ್ಟ್ರ ಮನೆಯವರನ್ನು ಹುಡುಕಿದರು. ಕೈಗಾರಿಕಾ ಶಾಲೆಗೆ ಬರೆದು, ಅಲ್ಲಿನ ಗುಮಾಸ್ತರ ಬೆನ್ನು ಬಿದ್ದು, ಕೊನೆಗೆ ಮಗಳ ನಂಬರು ಸಿಕ್ಕಿತು. ಮಗಳು ಆಸ್ಪತ್ರೆಯಲ್ಲಿ ನರ್ಸ್. "ಅಪ್ಪ ಸದಾ ಕಂಪ್ಯೂಟರ್ ಮುಂದೇನೇ ಕೂತಿರ್ತಿದ್ರು. ಏನು ಮಾಡ್ತಿದಾರೆ ಅಂತ ನಾವ್ಯಾರೂ ಕೇಳ್ಲೇ ಇಲ್ಲ. ನಿಮಗೆ ಬೇಕಿದ್ರೆ ತಗೊಳ್ಳಿ, ಪುಟಾನೂ ಇಟ್ಕೊಳ್ಳಿ" ಎಂದಳು ಆಕೆ. ಅಷ್ಟರಲ್ಲಿ ಮನೆಯವರು ಹಣ ಕಟ್ಟಿ ವಿಳಾಸ ಉಳಿಸಿಕೊಳ್ಳುವ ಗಡುವು ಮುಗಿದಿತ್ತು. ಇವತ್ತಿನ ಬೆಳಗಿಗೆ ಕಾಯುವುದೊಂದೇ ದಾರಿಯಾಗಿತ್ತು.

ಆರು ಗಂಟೆ ಹನ್ನೊಂದು ನಿಮಿಷ. ಚಿಕ್ಕಮ್ಮ ಗುಂಡಿ ಒತ್ತುತ್ತಾರೆ; ಇನ್ನೂ ಮೇಷ್ಟ್ರ ಹೆಸರಿನಲ್ಲೇ ಇದೆ. ಮತ್ತೆ ಒತ್ತುತ್ತಾರೆ; ಅದೇ ಉತ್ತರ. ಇಪ್ಪತ್ತು ಸಲ, ಮೂವತ್ತು ಸಲ. ಕೆಳಗೆ ಮೆಕ್ಯಾನಿಕ್ ಷಟರನ್ನು ಪೂರ್ತಿ ಎತ್ತಿದ ಸದ್ದು. ಆರೂ ಹತ್ತೊಂಬತ್ತಕ್ಕೆ ಪರದೆ ಒಂದು ಕ್ಷಣ ಬಿಳಿಯಾಗಿ, ವಿಳಾಸ ಈಗ ನಿಮ್ಮದು ಎಂದು ತೋರಿಸುತ್ತದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಅಕ್ಕನ ಮಗ ಎರಡೆರಡು ಮೆಟ್ಟಿಲು ಹಾರಿ ಬರುತ್ತಾನೆ. "ಸಿಕ್ತಾ? ಹಂಗಾದ್ರೆ ಈಗ್ಲೇ ನಮ್ಮ ಕಡೆ ತಿರುಗಿಸಿಬಿಡಿ ಚಿಕ್ಕಮ್ಮ."

"ತಿರುಗಿಸಲ್ಲ ಕಣೋ. ಮೇಷ್ಟ್ರ ಪುಟಾನೇ ವಾಪಸ್ ಹಾಕ್ತೀನಿ. ಎಪ್ಪತ್ತೊಂದೂ ನನ್ನ ಹತ್ರ ಇದೆ."

"ಆ ವಿಳಾಸ ಈಗ ಅಂಗಡಿದು."

"ಅಂಗಡಿ ಹೆಸರಲ್ಲಿ ತಗೊಂಡಿಲ್ಲ. ನನ್ನ ಹೆಸರಲ್ಲಿ ತಗೊಂಡಿದೀನಿ. ಅಂಗಡಿ ಹೆಸರಲ್ಲಿ ಇದ್ದಿದ್ರೆ ನಿನ್ನ ಮಾತು ಕೇಳ್ಬೇಕಾಗಿತ್ತಲ್ಲ."

ಅವನು ಮುಖ ಗಂಟಿಕ್ಕಿಕೊಂಡು ಇಳಿದು ಹೋಗುತ್ತಾನೆ. ನಾಲ್ಕು ದಿನ ಮಹಡಿ ಹತ್ತುವುದಿಲ್ಲ. ಐದನೆಯ ದಿನ ಬೆಲ್ಟು ಹುಡುಕುವ ನೆಪದಲ್ಲಿ ಬಂದವನು, ಕೊನೇಪಕ್ಷ ಮೇಷ್ಟ್ರ ಪಟ್ಟಿಯಲ್ಲಿ ನಮ್ಮ ಅಂಗಡಿಯನ್ನು ಮೊದಲಿಗೆ ಏರಿಸಿ ಎಂದು ಕೇಳುತ್ತಾನೆ. ಮೇಷ್ಟ್ರು ಏಳನೆಯದಾಗಿ ಇಟ್ಟಿದ್ದಾರೆ, ಏಳನೆಯದಾಗಿಯೇ ಇರಲಿ ಎನ್ನುತ್ತಾರೆ ಚಿಕ್ಕಮ್ಮ. "ಕೆಲಸದಿಂದ ತೆಗೀತೀನಿ ಅಂತ ಅವನು ಅಂದಿಲ್ಲ. ಇಟ್ಕೊಳ್ತೀನಿ ಅಂತಾನೂ ಅಂದಿಲ್ಲ. ಅಕ್ಕ ಇದ್ದಿದ್ರೆ ಇಬ್ಬರಿಗೂ ಬಯ್ತಿದ್ಲು" ಎಂದು ನಗುತ್ತಾರೆ. ನಗು ಪೂರ್ತಿ ಬರುವುದಿಲ್ಲ.

ಪುಟಗಳು ಮತ್ತೆ ತೆರೆದುಕೊಂಡ ಸಂಜೆ ಅವರು ಮೇಷ್ಟ್ರ ಮಗಳಿಗೆ ತಿಳಿಸಿದರು. ಮರುದಿನ ಆಕೆಯೇ ಫೋನ್ ಮಾಡಿದಳು. ರಾತ್ರಿಯೆಲ್ಲ ಕೂತು ಎಪ್ಪತ್ತೊಂದು ಪುಟವನ್ನೂ ನೋಡಿದೆ ಎಂದಳು. ಆಮೇಲೆ ಕೇಳಿದಳು, ಆ ಫೋಟೋಗಳಲ್ಲೆಲ್ಲ ಒಂದು ಕೈ ಇದೆಯಲ್ಲ, ನೂಲು ಪೋಣಿಸುತ್ತಾ, ಸ್ಕ್ರೂ ತಿರುಗಿಸುತ್ತಾ, ಅದನ್ನು ನೋಡಿದ್ದೀರಾ ಎಂದು. ಚಿಕ್ಕಮ್ಮ ಹದಿನೆಂಟು ವರ್ಷದಿಂದ ಆ ಕೈ ನೋಡಿದ್ದಾರೆ. ಯಾರೋ ವಿದ್ಯಾರ್ಥಿನಿಯದಿರಬೇಕು ಎಂದುಕೊಂಡಿದ್ದರು.

"ಅವಳ ಅಮ್ಮಂದು ಅಂತೆ" ಎನ್ನುತ್ತಾರೆ ಚಿಕ್ಕಮ್ಮ, ಕನ್ನಡಕ ಒರೆಸಿಕೊಳ್ಳುತ್ತಾ. "ಅವಳಿಗೆ ಹದಿಮೂರು ವರ್ಷ ಇದ್ದಾಗ ಹೋದೋರು. ಮನೇಲಿ ಎರಡೋ ಮೂರೋ ಫೋಟೋ ಇದಾವಂತೆ, ಎಲ್ಲದರಲ್ಲೂ ಸುಮ್ನೆ ನಿಂತಿದಾರಂತೆ. ಕೆಲಸ ಮಾಡ್ತಾ ಇರೋದು ಇಲ್ಲಿ ಮಾತ್ರ. ಇದು ಹೀಗೇ ಇರುತ್ತಾ ಅಂತ ಕೇಳಿದ್ಲು. ಇರುತ್ತೆ ಅಂದೆ. ಮಾತು ಕೊಟ್ಟುಬಿಟ್ಟಿದೀನಿ, ಇನ್ನು ನಾನು ಬೇಗ ಸಾಯೋ ಹಾಗೂ ಇಲ್ಲ."