ನನ್ನ ಮನೆ ನೋಡಲು ನಾನೇ ಹೋದ ಮಧ್ಯಾಹ್ನ

ಇಂಥದ್ದನ್ನು ಬೇರೆಯವರು ಬರೆದಿದ್ದರೆ ನಾನು ಅರ್ಧ ಓದಿ ಮಡಚಿಡುತ್ತಿದ್ದೆ. ಎರಡು ಹೊತ್ತು ದೇವರಿಗೆ ದೀಪ ಹಚ್ಚುವವಳು ನಾನು. ಹಾಗೆಂದು ಕಂಡದ್ದನ್ನೆಲ್ಲ ನಂಬುವವಳಲ್ಲ. ತೋಟದ ಆಳುಗಳ ಲೈನ್‌ಮನೆಗಳಲ್ಲಿ ಯಾರಿಗಾದರೂ ಮೈಮೇಲೆ ಬಂತೆಂದರೆ, ಬೆಳಗಿನಿಂದ ಹೊಟ್ಟೆಗೆ ಏನಾದರೂ ಹಾಕಿದ್ದಾಳಾ ಕೇಳಿ ಎನ್ನುತ್ತಿದ್ದೆ. ನಮ್ಮ ಅತ್ತೆ ತೀರಿಕೊಂಡ ಮೇಲೆ ಅಡುಗೆಮನೆಯಲ್ಲಿ ಅವರ ಕೆಮ್ಮು ಕೇಳಿಸಿತೆಂದು ಓರಗಿತ್ತಿ ಅತ್ತಾಗ, ಎದ್ದು ಹೋಗಿ ಬೆಕ್ಕನ್ನು ಹಿಡಿದು ತಂದು ಅವಳ ಮಡಿಲಿಗೇ ಹಾಕಿದವಳು ನಾನು. ಆದ್ದರಿಂದ ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಮೂಡಿಗೆರೆ ಪೇಟೆಯಲ್ಲಿತ್ತು. ಹಿಟ್ಟಿನ ಗಿರಣಿಯ ಓಣಿಯಲ್ಲಿ ಐದನೆಯದು. ನಮ್ಮನೆಯವರು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕೊಯ್ಲಿನ ತೂಕ ಬರೆಯುವ ಕೆಲಸ. ಮದುವೆಯಾಗಿ ಹನ್ನೊಂದು ವರ್ಷ ತೋಟದ ಕ್ವಾರ್ಟರ್ಸಿನಲ್ಲಿದ್ದೆವು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಸಾಹುಕಾರರನ್ನು ಕೇಳಬೇಕಾಗಿತ್ತು. ಆಮೇಲೆ ನನ್ನ ಅಮ್ಮ ಕೊಟ್ಟಿದ್ದ ಸರ, ನಾಲ್ಕು ಬಳೆ ಎಲ್ಲ ಮಾರಿ ಈ ಜಾಗ ತೆಗೆದುಕೊಂಡು ಮೂರು ಕೋಣೆಯ ಹೆಂಚಿನ ಮನೆ ಕಟ್ಟಿಸಿದೆವು. ಪತ್ರ ಅವರ ಹೆಸರಿಗಾಯಿತು. ನನ್ನ ಹೆಸರಿಗೆ ಆಗಬಹುದೆಂಬುದು ಆಗ ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ಆದರೆ ಗೃಹಪ್ರವೇಶದ ದಿನ ದೀಪದ ಮುಂದೆ ನಿಂತು ಅವರಾಗಿಯೇ ಹೇಳಿದ್ದರು: “ಇದು ನಿನ್ನ ಮನೆ. ನೀನು ಹೂಂ ಅನ್ನದೆ ಇದರ ಒಂದು ಹೆಂಚೂ ಅಲ್ಲಾಡಲ್ಲ.” ನಾನು ಕೇಳಿ ಹೇಳಿಸಿಕೊಂಡ ಮಾತಲ್ಲ ಅದು.

ಎರಡು ಸಾವಿರದ ಎರಡೋ ಮೂರೋ ಇರಬೇಕು. ಕಾಫಿಗೆ ಬೆಲೆ ಬಿದ್ದು, ತೋಟಗಳಲ್ಲಿ ಒಬ್ಬೊಬ್ಬರನ್ನೇ ಕೆಲಸ ಬಿಡಿಸುತ್ತಿದ್ದರು. ಇವರನ್ನು ಬಿಡಿಸಿರಲಿಲ್ಲ, ಅದೊಂದು ದೇವರ ದಯೆ. ಆದರೂ ಇವರಿಗೆ ಹೆದರಿಕೆ ಹತ್ತಿತು. ಕಡೂರಿನಲ್ಲಿ ಇವರ ಅಣ್ಣನಿಗೆ ಹಾರ್ಡ್‌ವೇರ್ ಅಂಗಡಿ ಇತ್ತು. ಮನೆ ಮಾರಿ ಅದರಲ್ಲಿ ಪಾಲು ಸೇರೋಣ ಎಂದರು. ನಾನು ಎದ್ದು ಒಲೆಯ ಕಡೆ ಹೋದೆ. “ನೀನು ಒಪ್ಪಿದ್ರೆ ಮಾತ್ರ ಮಾರಾಯ್ತಿ. ಸುಮ್ನೆ ನಾಲ್ಕು ಜನಕ್ಕೆ ತೋರಿಸಿ ನೋಡೋಣ, ತೋರಿಸೋದಕ್ಕೆ ಎಂತ?” ಎಂದರು. ತೋರಿಸುವುದಕ್ಕೆ ಏನು ಎಂದು ನನಗೂ ಅನ್ನಿಸಿತು. ನೋಡಿ ಹೋದವರಿಗೆಲ್ಲ ಕೊಡಬೇಕೆಂದಿಲ್ಲವಲ್ಲ.

ತೋರಿಸುವ ಕೆಲಸಕ್ಕೆ ಶೇಷಪ್ಪ ಬಂದ. ಇವರ ತೋಟದಲ್ಲೇ ಮೊದಲು ಮೇಸ್ತ್ರಿಯಾಗಿದ್ದವನು, ಇವರಿಗೆ ಇಪ್ಪತ್ತು ವರ್ಷದ ಸ್ನೇಹ. ಕೆಲಸ ಹೋದ ಮೇಲೆ ಮನೆ, ಸೈಟು ಮಾರಿಸಿಕೊಡುತ್ತ ಓಡಾಡುತ್ತಿದ್ದ. ಬಂದವನೇ ಕೋಣೆ ಕೋಣೆ ಸುತ್ತಿ, ಮೂಗು ಮುರಿದು ಕುಳಿತ.

“ರೈಟ್ರಮ್ಮ, ಇದು ಹೆಣ್ಣು ನೋಡೋ ಶಾಸ್ತ್ರ ಇದ್ದ ಹಾಗೆ. ಮೂಗು ಸೊಟ್ಟ ಇದ್ರೂ ಪೌಡರ್ ಬಳಿದು ಕೂರಿಸ್ಬೇಕು.”

“ನಮ್ಮ ಹುಡುಗಿ ಮೂಗಿಗೆ ಎಂತ ಆಗಿದೆ ಶೇಷಪ್ಪ?”

“ಎಂತ ಆಗಿದೆಯಾ? ಒಳಗೆ ಬಂದ್ರೆ ಮೆಣಸು, ಹೊಗೆ, ಊದುಬತ್ತಿ ಎಲ್ಲ ಒಟ್ಟಿಗೆ ಮೂಗಿಗೆ ಹೊಡೀತದೆ. ನಿಮಗೆ ಗೊತ್ತಾಗಲ್ಲ. ಒಂದು ಕೆಲಸ ಮಾಡಿ. ಚೆಂದ ಸೀರೆ ಉಟ್ಕೊಂಡು ಗೇಟಿಂದ ಹೊರಗೆ ಹೋಗಿ, ಯಾರೋ ಪರವೂರವ್ರ ಹಾಗೆ ಒಳಗೆ ಬನ್ನಿ. ಇದು ನನ್ನ ಮನೆಯಲ್ಲ ಅಂತ್ಲೇ ಬನ್ನಿ. ಆಗ ಎಲ್ಲ ಕಾಣ್ತದೆ.”

ನಾವಿಬ್ಬರೂ ನಕ್ಕೆವು. ನಮ್ಮನೆಯವರು ಮಾತ್ರ ನಗಲಿಲ್ಲ, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಹೋದರು. ಇದು ಆಮೇಲೆ ನೆನಪಾದ ಮಾತು.

ಹದಿನೈದು ದಿನ ಮೈಮುರಿದು ದುಡಿದೆ. ಅಡುಗೆಮನೆಯ ಮಸಿಯನ್ನು ತೆಂಗಿನ ನಾರಿನಲ್ಲಿ ತಿಕ್ಕಿ ಸುಣ್ಣ ಹೊಡೆದೆ. ಬಚ್ಚಲಿನ ಬಾಗಿಲು ಎತ್ತಿ ಹಾಕದೆ ಮುಚ್ಚುತ್ತಿರಲಿಲ್ಲ. ಅದರ ಅಂಚಿಗೆ ಮೇಣ ತಿಕ್ಕಿದೆ. ಒಳಮನೆಯಲ್ಲಿದ್ದ ಮೆಣಸಿನ ಚೀಲವನ್ನು ಪಕ್ಕದ ಮನೆಗೆ ಸಾಗಿಸಿದೆ. ಬರುವವರು ಯಾವ ಜಾತಿಯವರೋ ಎಂದು ಶೇಷಪ್ಪ ಅಂದದ್ದಕ್ಕೆ ದೇವರ ಪಟಗಳನ್ನೂ ಇಳಿಸಿ ಒಂದೇ ಒಂದು ಉಳಿಸಿದೆ, ಹೊರನಾಡಿನ ಅಮ್ಮನದು. ಅರಿಶಿನ ಕುಂಕುಮದ ಭರಣಿಗಳನ್ನು ಬೆಳ್ಳಿ ದೀಪದ ಜೊತೆ ಬಟ್ಟೆಯಲ್ಲಿ ಗಂಟು ಹಾಕಿ ಟ್ರಂಕಿನ ತಳಕ್ಕೆ ಇಟ್ಟೆ. ಇಷ್ಟೆಲ್ಲ ಏಕೆ ಮಾಡಿದೆ ಎಂದರೆ, ನೋಡಿದವರು ಮನೆಯನ್ನು ಹೀಗಳೆಯಬಾರದು ಎಂಬ ಹಟಕ್ಕೆ. ಹೆಣ್ಣನ್ನು ಕೊಡಲು ಮನಸ್ಸಿಲ್ಲದ ತಾಯಿಯೂ ನೋಡಲು ಬಂದವರ ಮುಂದೆ ಅವಳ ತಲೆ ಬಾಚದೆ ಬಿಡುವುದಿಲ್ಲ.

ಭಾನುವಾರ ಜನ ಬರುವವರಿದ್ದರು. ಗುರುವಾರ ಮಧ್ಯಾಹ್ನ ಕೆಲಸವೆಲ್ಲ ಮುಗಿಯಿತು. ಮಗಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ, ಇವರು ತೋಟದಲ್ಲಿ. ಕಾಫಿ ಅರಳಿಸುವ ಹೂಮಳೆ ಬಿದ್ದು ವಾರವಾಗಿತ್ತು. ಕಾಫಿ ಹೂವಿನ ವಾಸನೆ ಪೇಟೆಯವರೆಗೂ ಬಂದಿತ್ತು. ಶೇಷಪ್ಪನ ಮಾತು ನೆನಪಾಗಿ, ನೋಡಿಯೇ ಬಿಡೋಣ ಎಂದುಕೊಂಡೆ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ. ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು, ಮುಂಬಾಗಿಲು ಎಳೆದುಕೊಂಡು ಗಿರಣಿಯವರೆಗೆ ನಡೆದೆ. ಅಲ್ಲಿಂದ ತಿರುಗಿ, ವಿಳಾಸ ಹುಡುಕುವವಳ ಹಾಗೆ ಒಂದೊಂದೇ ಮನೆ ನೋಡುತ್ತ ಬಂದೆ. ನನಗೇ ನಗು ಬರುತ್ತಿತ್ತು. ಗೇಟು ತೆರೆದು, ಹೊಸ್ತಿಲ ಹೊರಗೆ ನಿಂತು, ಪರವೂರಿನವರು ಕೂಗುವ ಹಾಗೆ ಕೂಗಿದೆ: “ಮನೇಲಿ ಯಾರಿದ್ದೀರಿ?”

ನಾನು ಮಾಡಿದ ತಪ್ಪು ಇದೇ ಇರಬೇಕು. ಸ್ವಂತ ಮನೆಯ ಹೊಸ್ತಿಲಲ್ಲಿ ನಿಂತು ಯಾರಿದ್ದೀರಿ ಎಂದು ಯಾರೂ ಕೇಳುವುದಿಲ್ಲ.

“ಬನ್ನಿ ಬನ್ನಿ. ಚಪ್ಪಲಿ ಅಲ್ಲೇ ಬಿಡಿ” ಎಂದು ಒಳಗಿನಿಂದ ಹೆಂಗಸಿನ ದನಿ ಬಂತು.

ಹೆದರಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಆಗಲೇ ಇಲ್ಲ. ಆದದ್ದು ಸಂಕೋಚ, ಪರಿಚಯವಿಲ್ಲದವರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದರೆ ಆಗುತ್ತದಲ್ಲ, ಅದು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಬೆಳಕು ಅವಳ ಬೆನ್ನ ಹಿಂದೆ ಇತ್ತು. ಮುಖ ಹೇಗಿತ್ತು ಎಂದು ನೀವು ಕೇಳಿದರೆ ನನಗೆ ಹೇಳಲಾಗುವುದಿಲ್ಲ. ನನ್ನಷ್ಟು ಎತ್ತರ ಇರಲಿಲ್ಲ, ಗಿಡ್ಡ. ಸೀರೆ ಕಂದು ಬಣ್ಣದ್ದು. ನನ್ನಲ್ಲಿ ಅಂಥ ಸೀರೆ ಎಂದೂ ಇರಲಿಲ್ಲ.

“ಮನೆ ನೋಡೋಕೆ ಬಂದ್ರಾ? ನೋಡಿ, ನೋಡೋದಕ್ಕೆಂತ” ಎಂದಳು. ಅವಳು ಮುಂದೆ, ನಾನು ಹಿಂದೆ. ಬಚ್ಚಲು ಯಾವ ಕಡೆ ಎಂದು ನಾನು ಕೇಳಿದೆ. ನಿಜವಾಗಿಯೂ ಆಗ ನನಗೆ ಅದು ಗೊತ್ತಿರಲಿಲ್ಲ. “ಈ ಗೋಡೆಗೆ ಮೊನ್ನೆ ಸುಣ್ಣ ಹೊಡೆದಿದ್ದು, ಅಡಿಯಲ್ಲಿ ಮಸಿ ಹಾಗೇ ಇದೆ. ಈ ಬಾಗಿಲಿಗೆ ಮೇಣ ತಿಕ್ಕಿದಾರೆ, ಮಳೆಗಾಲಕ್ಕೆ ಮತ್ತೆ ಹಿಡ್ಕೊಳ್ತದೆ” ಎಂದು ಒಂದೊಂದೇ ಹೇಳಿದಳು. ಪರವಾಗಿಲ್ಲ, ಮುಚ್ಚುಮರೆ ಇಲ್ಲದ ಹೆಂಗಸು ಎಂದುಕೊಂಡೆ. ಕೊನೆಗೆ ಕೇಳಿದೆ: “ಮನೆ ಕೊಡೋದು ಖಂಡಿತನಾ?”

“ಕೊಡೋದೆಂತ, ಕೊಟ್ಟಾಗಿದೆ. ಶಿವರಾತ್ರಿಗೆ ಮುಂಚೆನೇ ಕಾಗದ ಆಗಿದೆ. ಮನೆಯವಳಿಗೆ ಹೇಳಿಲ್ಲ, ಅಷ್ಟೇ.”

“ಅಯ್ಯೋ ಪಾಪ” ಎಂದೆ ನಾನು.

ಇಷ್ಟು ವರ್ಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ನನ್ನ ಆ ಎರಡು ಮಾತು. ಯಾವುದೋ ಮನೆಯ, ಯಾವುದೋ ಹೆಂಗಸಿಗೆ ನಾನು ಮರುಗಿದ್ದೆ. ಆ ಹೊತ್ತಿಗೆ ಅವಳು ನಾನಾಗಿರಲಿಲ್ಲ.

ಹೊರಟಾಗ “ಕುಂಕುಮ ತಗೊಳ್ಳಿ” ಎಂದು ಭರಣಿ ಹಿಡಿದಳು. ಕುಂಕುಮ ನೀಡುವುದು ಮನೆಯವಳು, ತೆಗೆದುಕೊಳ್ಳುವುದು ಹೊರಗಿನಿಂದ ಬಂದವಳು. ನಾನು ಬೆರಳದ್ದಿ ಹಣೆಗೂ ತಾಳಿಗೂ ಇಟ್ಟುಕೊಂಡು, ಬರ್ತೀನಿ ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟೆ. ಗಿರಣಿಯ ಹತ್ತಿರ ಬಂದಾಗ ಗಿರಣಿಯಮ್ಮ, “ಎಂತ ರೈಟ್ರಮ್ಮ, ಆಗಲೇ ಮನೆಗೆ ಹೋದ್ರಿ, ಈಗ ಮತ್ತೆ ಎಲ್ಲಿಗೆ ಹೊರಟ್ರಿ?” ಎಂದು ಕೇಳಿದರು. ಆಗ ನನ್ನ ಕಾಲು ನಿಂತಿತು. ಎಲ್ಲಿಗೆ ಹೊರಟಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಹೆದರಿಕೆಯಾದದ್ದು ಆಗ.

ಗಿರಣಿಯಮ್ಮನನ್ನೇ ಜೊತೆಗೆ ಕರೆದುಕೊಂಡು ಮನೆಗೆ ಬಂದೆ. ಒಳಗೆ ಯಾರೂ ಇರಲಿಲ್ಲ. ಹಿತ್ತಿಲ ಅಗುಳಿ ಹಾಕಿದ ಹಾಗೇ ಇತ್ತು. ಟ್ರಂಕು ತೆಗೆದೆ, ಭರಣಿಗಳಿಗೆ ನಾನು ಹಾಕಿದ್ದ ಗಂಟು ಬಿಚ್ಚಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ, ಬೆಳಿಗ್ಗೆ ಅಂಟಿಸಿದ ಸ್ಟಿಕ್ಕರಿನ ಮೇಲ್ಗಡೆ ಒದ್ದೆ ಬೆರಳಿನಲ್ಲಿ ಇಟ್ಟ ಕುಂಕುಮ. ದೇವಸ್ಥಾನಕ್ಕೆ ಹೋಗಿರಲಿಲ್ಲ, ಯಾರ ಮನೆಗೂ ಹೋಗಿರಲಿಲ್ಲ. ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ಗಿರಣಿಯಮ್ಮ ಮಜ್ಜಿಗೆ ಮಾಡಿಕೊಟ್ಟು ಹೋದರು. ನನಗೂ ಹಾಗೆಯೇ ಅನ್ನಿಸಬೇಕೆಂದು ಎಷ್ಟೋ ಪ್ರಯತ್ನಪಟ್ಟೆ.

ಸಂಜೆ ಇವರು ಬಂದು ಕಾಲು ತೊಳೆದರು. ಟವೆಲ್ ಕೊಡುತ್ತ ಕೇಳಿದೆ: “ಮನೆ ಕೊಟ್ಟಾಗಿದೆಯಾ?”

ಇಲ್ಲ ಎನ್ನುತ್ತಾರೆ, ಹುಚ್ಚಾ ನಿನಗೆ ಎಂದು ನಗುತ್ತಾರೆ ಎಂದು ಕಾದೆ. ದೇವರಾಣೆಗೂ ಹಾಗೆಂದೇ ಬೇಡಿಕೊಂಡೆ. ಇವರು ಮುಖ ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿಕೊಂಡರು. ಆಮೇಲೆ, “ಶೇಷಪ್ಪ ಬಾಯಿ ಬಿಟ್ನಾ?” ಎಂದರು.

ಅಷ್ಟು ಸಾಕಾಯಿತು. ಕಾಗದ ಆಗಿದ್ದು ಶಿವರಾತ್ರಿಗೆ ನಾಲ್ಕು ದಿನ ಮುಂಚೆ. ತೆಗೆದುಕೊಂಡವರು ಕೊಪ್ಪದ ಕಡೆಯ ಮೆಣಸಿನ ವ್ಯಾಪಾರಿ. ಭಾನುವಾರ ಬರುವವರು ನೋಡಲು ಬರುವವರಲ್ಲ, ಅವರೇ. “ಒಮ್ಮೆಲೇ ಹೇಳಿದ್ರೆ ನೀನು ತಡ್ಕೊಳ್ಳಲ್ಲ ಅಂತ. ನಿಧಾನಕ್ಕೆ ನೀನಾಗೇ ಒಪ್ಪಿದ ಹಾಗೆ ಆಗ್ಲಿ ಅಂತ” ಎಂದರು. ಅಂದರೆ ನನ್ನ ಮನೆಯನ್ನು ಪರರ ಕಣ್ಣಿನಿಂದ ನೋಡಲು ನನಗೆ ಕಲಿಸಿದ್ದು ಒಳ್ಳೆಯ ಗಿರಾಕಿ ಸಿಗಲಿ ಎಂದಲ್ಲ. ಅದು ಪರರ ಮನೆಯಾಗಿಹೋಗಿತ್ತು. ಇವರಿಗೂ ಗೊತ್ತಿತ್ತು, ನನ್ನ ಜೊತೆ ನಕ್ಕ ಶೇಷಪ್ಪನಿಗೂ ಗೊತ್ತಿತ್ತು. ಸುಣ್ಣದ ನೀರಿನಲ್ಲಿ ಕೈ ಸುಲಿದುಕೊಂಡ ನನಗೊಬ್ಬಳಿಗೆ ಗೊತ್ತಿರಲಿಲ್ಲ.

ನಾನು ಕೂಗಾಡಲಿಲ್ಲ. ಇಳಿಸಿದ್ದ ಪಟಗಳನ್ನೆಲ್ಲ ಆ ಸಂಜೆಯೇ ಮತ್ತೆ ಗೋಡೆಗೆ ಹಾಕಿದೆ. ಭಾನುವಾರ ವ್ಯಾಪಾರಿ, ಅವರ ಹೆಂಡತಿ ಬಂದರು. “ನಮ್ಮನೆಯವಳೇ ನಿಂತು ಎಲ್ಲ ಚೊಕ್ಕ ಮಾಡಿಸಿದ್ದು. ಅವಳಿಗೂ ಒಪ್ಪಿಗೆ” ಎಂದು ಇವರು ಹೇಳುತ್ತಿದ್ದಾಗ ನಾನು ಕಾಫಿ ತಂದೆ. ಲೋಟ ಕೈಗೆ ಕೊಟ್ಟು ಆ ಹೆಂಗಸಿಗೆ ಹೇಳಿದೆ: “ಮನೆ ನಿಮ್ಮದು, ಸುಖವಾಗಿರಿ. ಆದ್ರೆ ನನ್ನನ್ನ ಯಾರೂ ಕೇಳಿಲ್ಲ, ನಾನು ಹೂಂ ಅಂದಿಲ್ಲ. ಅದೊಂದು ನಿಮಗೆ ಗೊತ್ತಿರ್ಲಿ.” ಆಕೆ ಲೋಟವನ್ನು ಹಾಗೆಯೇ ಹಿಡಿದು ಕುಳಿತರು. ಇವರು ಗೋಡೆ ನೋಡಿದರು. ವ್ಯವಹಾರವೇನೂ ಮುರಿಯಲಿಲ್ಲ. ಆದರೆ ನಾನು ಒಪ್ಪಿ ಕೊಟ್ಟೆ ಎಂದು ಇವರು ಇವತ್ತಿಗೂ ಯಾರ ಮುಂದೆಯೂ ಹೇಳುವಂತಿಲ್ಲ. ದೇವರು ನನಗೆ ಅಷ್ಟಾದರೂ ಉಳಿಸಿದ.

ಕಡೂರಿಗೆ ಬಂದು ಇಷ್ಟು ವರ್ಷವಾಯಿತು. ಅಂಗಡಿ ನಡೆಯಿತು, ಮಗಳ ಮದುವೆಯಾಯಿತು, ಊಟಕ್ಕೆ ಕಷ್ಟ ಬರಲಿಲ್ಲ. ಆ ಹೆಂಗಸು ಯಾರು? ನಿನ್ನ ಮನಸ್ಸಿಗೇ ಒಳಗೊಳಗೆ ಗೊತ್ತಿತ್ತು, ಅದೇ ಹಾಗೆ ಕಂಡಿತು ಎಂದು ಮಗಳು ಹೇಳುತ್ತಾಳೆ. ಗೊತ್ತಿದ್ದರೆ ಹದಿನೈದು ದಿನ ಮಸಿ ತಿಕ್ಕುತ್ತಿದ್ದೆನೇ? ಹೊರನಾಡಿನ ಅಮ್ಮನೇ ಬಂದಿದ್ದಳು ಎನ್ನಲು ನನಗೆ ಧೈರ್ಯವಿಲ್ಲ. ಅಷ್ಟು ದೊಡ್ಡ ಪುಣ್ಯ ನಾನು ಮಾಡಿಲ್ಲ.

ಇದನ್ನು ಬರೆಯಲು ಕಾರಣ ಬೇರೆ ಇದೆ. ಲಾರಿಗೆ ಸಾಮಾನು ತುಂಬುವ ದಿನ ಶೇಷಪ್ಪ ಬಂದ. ಇವರು ಅವನ ಮುಖ ನೋಡಲಿಲ್ಲ. ತಾನು ಯಾರಿಗೂ ಹೇಳಿಲ್ಲವೆಂದು ಅವನು ಧರ್ಮಸ್ಥಳದ ಆಣೆ ಇಟ್ಟ. “ಇಪ್ಪತ್ತು ವರ್ಷ ನಂಬಿದ್ದೆ ನಿನ್ನ” ಎಂದಷ್ಟೇ ಹೇಳಿ ಇವರು ಒಳಗೆ ಹೋದರು. ಅವನು ನನ್ನ ಕಡೆ ತಿರುಗಿದ. “ರೈಟ್ರಮ್ಮ, ನೀವಾದ್ರೂ ಹೇಳಿ. ನಾನು ಹೇಳಿದ್ನಾ?”

ಹೇಳಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಎಲ್ಲ ಗೊತ್ತಿದ್ದೂ ಅವನು ಅಂದು ನನ್ನ ಜೊತೆ ನಕ್ಕದ್ದನ್ನು ನಾನು ಮರೆತಿರಲಿಲ್ಲ. ನಾನು ಮುಖ ತಿರುಗಿಸಿ ಲಾರಿ ಹತ್ತಿದೆ. ಅವರಿಬ್ಬರೂ ಮತ್ತೆ ಮಾತಾಡಲಿಲ್ಲ. ಶೇಷಪ್ಪ ತೀರಿಹೋಗಿ ಈಗ ಮೂರು ವರ್ಷ. ಇವರು ಮಣ್ಣಿಗೂ ಹೋಗಲಿಲ್ಲ. ಅವನು ಹೇಳಿರಲಿಲ್ಲ ಎಂದು ಇವರಿಗೆ ತಿಳಿಸಬೇಕೆಂದು ಊಟಕ್ಕೆ ಬಡಿಸುವಾಗ ಎಷ್ಟೋ ಸಲ ಬಾಯಿ ತೆರೆಯುತ್ತೇನೆ. ಹಾಗಾದರೆ ಯಾರು ಹೇಳಿದ್ದು ಎಂದು ಕೇಳಿಯೇ ಕೇಳುತ್ತಾರೆ. ಇನ್ನೊಂದು ಸೌಟು ಸಾರು ಬಡಿಸುತ್ತೇನೆ.