ಕೂಗಿ ನೋಡಿದ ಹೆಸರುಗಳು

ನಮ್ಮ ಶಾಲೆಯ ಅಡುಗೆ ಅಕ್ಕ ಒಂದು ಬೆಳಿಗ್ಗೆ ಸೌಟು ಹಿಡಿದುಕೊಂಡೇ ನನ್ನ ತರಗತಿಯ ಬಾಗಿಲಿಗೆ ಬಂದು ಜಗಳ ತೆಗೆದಳು.

“ಮೇಡಂ, ಹಾಜರಿ ಸ್ವಲ್ಪ ಜೋರಾಗಿ ಕರೀರಿ. ಒಗ್ಗರಣಿ ಸದ್ದಿನ್ಯಾಗ ಅರ್ಧ ಹೆಸರು ನನಗ ಕೇಳವಲ್ವು.”

ಕೂಡ್ಲಿಗಿಯಿಂದ ಅಷ್ಟೇನೂ ದೂರವಿಲ್ಲದ ಹಳ್ಳಿಯ ಶಾಲೆ ನಮ್ಮದು. ಹಾಜರಿ ಕರೆದರೆ ಇಲ್ಲಿ ಮಕ್ಕಳೇ ಕಿವಿಗೊಡುವುದಿಲ್ಲ, ಅಡುಗೆಮನೆಯವರಿಗೆ ಅದರಿಂದ ಏನಾಗಬೇಕು ಎಂದು ನನಗೆ ರೇಗಿತು. ರೇಗುವುದಕ್ಕೆ ನನಗೆ ಹೆಚ್ಚು ಹೊತ್ತೇನೂ ಬೇಡ. “ನಿನ್ನ ಸಾರು ನೋಡ್ಕ ಹೋಗಕ್ಕ” ಎಂದೆ. ಆಕೆ ಹೋಗಲಿಲ್ಲ. ತವರೂರು ಮಾಗಳದಲ್ಲಿ ತಮ್ಮ ಅಂಜಿನಿಗೆ ಹೆಣ್ಣುಕೂಸು ಹುಟ್ಟಿದೆ, ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯಾದ ತಾನೇ ಅದರ ಕಿವಿಯಲ್ಲಿ ಹೆಸರು ಹೇಳಬೇಕು, ಅದಕ್ಕೆ ಯಾರ ಮನೆಯಲ್ಲೂ ಇಲ್ಲದ ಹೆಸರೊಂದು ಬೇಕು, ಊರಲ್ಲಿ ಆಗಲೇ ಇರುವ ಹೆಸರು ಯಾವುವೆಂದು ಹಾಜರಿಯಲ್ಲಿ ಕೇಳಿಕೊಳ್ಳುತ್ತಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದಳು.

“ದೇವರ ಹೆಸರು ಬ್ಯಾಡ್ರಿ, ಸತ್ತೋರ ಹೆಸರಂತೂ ಬ್ಯಾಡಾ ಬ್ಯಾಡ. ಹೂವು, ಗಾಳಿ, ಮಳಿ, ನಿಮ್ಮ ಪುಸ್ತಕದಾಗಿಂದು ಏನಾರ ಕೊಡ್ರಿ.”

ಸತ್ತವರ ಮೇಲೆ ಯಾಕಿಷ್ಟು ಸಿಟ್ಟು ಎಂದು ಕೇಳಿದೆ. ಆಕೆಯ ಹೆಸರು ಎರ್ರೆಮ್ಮ ಎಂದು ನನಗೆ ಗೊತ್ತಾದದ್ದು ಆಗಲೇ. ಅದು ಅವಳ ಅಜ್ಜಿಯ, ಅಂದರೆ ತಂದೆಯ ತಾಯಿಯ ಹೆಸರು. ಅಜ್ಜಿ ತೀರಿಕೊಂಡ ವರ್ಷವೇ ಹುಟ್ಟಿದಳೆಂದು ಮನೆಯವರು ಭಕ್ತಿಯಿಂದ ಇಟ್ಟರು. ಇಟ್ಟವರು ಯಾರೂ ಕರೆಯಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರು ಬಾಯಲ್ಲಿ ತರುವಂತಿಲ್ಲವಲ್ಲ, ಹೆತ್ತ ತಾಯಿ ಮೈಲಮ್ಮ ಮಗಳನ್ನು “ಏ ಇಕಿನ” ಎಂದೇ ಸಾಕಿದಳು. ತಂದೆ ಗಾದೆಪ್ಪನಿಗೂ ಅಷ್ಟೇ, ಹಡೆದವಳ ಹೆಸರು ಹಿಡಿದು ಮಗಳನ್ನು ಬೈಯುವುದು ಹೇಗೆ? ಮದುವೆಯಾಗಿ ಬಂದ ಮೇಲೆ ಮಾಗಳದಾಕಿ ಆದಳು, ಶಾಲೆಗೆ ಬಂದ ಮೇಲೆ ಅಡುಗೆ ಅಕ್ಕ.

“ರೇಶನ್ ಅಂಗಡ್ಯಾಗ ಎರ್ರೆಮ್ಮ ಅಂತ ಕೂಗಿದ್ರ ಹಿಂದ ತಿರುಗಿ ನೋಡ್ತೀನ್ರಿ, ಯಾರಪ ಅದು ಅಂತ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಹೋದ ವರ್ಷ ಮೈಲಮ್ಮ ತೀರಿಕೊಂಡಿದ್ದಳು. ಮೊಮ್ಮಗಳು ಹುಟ್ಟಿದ್ದೇ ತಡ, ಗಾದೆಪ್ಪ “ನಮ್ಮಾಕಿ ತಿರುಗಿ ಬಂದಾಳ, ಆಕಿ ಹೆಸರಾ ಇಡ್ರಿ” ಎಂದು ಹಟ ಹಿಡಿದಿದ್ದ. ಅಂಜಿನಿ ಹೂಂ ಅಂದುಬಿಟ್ಟಿದ್ದ. ಕೂಸಿನ ತಾಯಿ ಲಕ್ಷ್ಮಿದೇವಿಗೆ ಮೈಲಮ್ಮ ಅತ್ತೆ. ಅಲ್ಲಿಗೆ ಇನ್ನೊಂದು ಹೆಣ್ಣು ಹೆಸರಿದ್ದೂ ಇಲ್ಲದಂತೆ ಬೆಳೆಯುವುದು ಖಾತ್ರಿಯಾಯಿತು. ಎರ್ರೆಮ್ಮನ ಹೊಟ್ಟೆಯ ಉರಿ ಅದೇ.

ಆ ತಿಂಗಳು ಶಾಲೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ನಾನೊಂದು ಹೆಸರು ಕೊಡುವುದು, ಆಕೆ ಅಡುಗೆಮನೆಯ ಹಿಂದೆ ಹೋಗಿ ಶೇಂಗಾ ಹೊಲದ ಕಡೆ ಮುಖ ಮಾಡಿ ಅದನ್ನು ಗಂಟಲು ಹರಿಯುವಂತೆ ಕೂಗುವುದು. ಕರೆಯಲು ಬರದ ಹೆಸರು ಆಕೆಗೆ ಹೆಸರೇ ಅಲ್ಲ. ಮೊದಲ ದಿನ “ಇಬ್ಬನೀ! ಏ ಇಬ್ಬನೀ, ಬಾರ ಉಣ್ಣಾಕ!” ಎಂದು ಕೂಗಿದಾಗ, ಯಾವುದೋ ಮಗು ಬಿತ್ತೆಂದು ಹೆಡ್‌ಮಾಸ್ಟರ್ ಅರುಣಕುಮಾರ್ ಚಪ್ಪಲಿ ಬಿಟ್ಟು ಓಡಿಬಂದರು.

ಇಬ್ಬನಿ ಬೇಡವಾಯಿತು, ಬಿಸಿಲೇರಿದರೆ ಇರುವುದಿಲ್ಲವಂತೆ. ಕಾದಂಬಿನಿ ಎಂದೆ, ಮೋಡದ ಸಾಲು ಎಂದು ಅರ್ಥವನ್ನೂ ಹೇಳಿದೆ. “ಇಷ್ಟುದ್ದ ಕರಿಯಾದ್ರಾಗ ಹುಡುಗಿ ಹಳ್ಳ ದಾಟಿ ಹೋಗಿರತೈತಿ” ಎಂದಳು. ಸುಗ್ಗಿ? “ಮಳಿ ಹೋದ ವರ್ಷ ಮಂದಿ ನಗ್ತಾರ.” ನಮ್ಮ ದಾರಿಯುದ್ದಕ್ಕೂ ಹಳದಿಯಾಗಿ ಅರಳುವ ತಂಗಡಿ ಹೂವಿನ ಹೆಸರಿಡು ಎಂದರೆ, “ದನ ಸೈತ ಮುಟ್ಟಂಗಿಲ್ಲ ಅದನ್ನ” ಎಂದು ನನ್ನನ್ನೇ ದುರುಗುಟ್ಟಿ ನೋಡಿದಳು. ಈ ಗಲಾಟೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಕ್ಕಳು ಊಟ ಬಿಟ್ಟು ನೀರು ಕುಡಿದರು. ಇನ್ನು ನನ್ನ ಹತ್ತಿರ ಹೆಸರಿಲ್ಲ, ನನ್ನ ತಲೆ ತಿನ್ನಬೇಡ ಎಂದು ಬೈದೆ. ಬೈದು ಮನೆಗೆ ಹೋದವಳು ರೊಟ್ಟಿ ಬೇಯಿಸುತ್ತಲೂ ಹೆಸರನ್ನೇ ಹುಡುಕುತ್ತಿದ್ದೆ.

ಮರುದಿನ ಹೊನಲು ಎಂದೆ. ಹಳಗನ್ನಡದ ಮಾತು, ಹರಿಯುವ ನೀರು, ಹೊಳೆ ಎಂದು ಹೇಳಿದೆ. ತುಂಗಭದ್ರೆಯ ದಂಡೆಯ ಮಾಗಳದಲ್ಲಿ ಹುಟ್ಟಿದವಳು ನೇರ ಅಡುಗೆಮನೆಯ ಹಿಂದಕ್ಕೆ ಹೋದಳು. “ಹೊನಲೂ!” ಎಂದು ಕೂಗಿದ್ದು ಶೇಂಗಾ ಹೊಲ ದಾಟಿ ಹೋಯಿತು. ಆಚೆ ಕುರಿ ಕಾಯುತ್ತಿದ್ದವನು ತಿರುಗಿ ನೋಡಿದ.

“ತಿರುಗ್ಯಾನ್ರಿ! ದೂರ ಹೋಗತೈತಿ ಇದು!”

ಸಂಜೆಗೆ ಮತ್ತೆ ಅನುಮಾನ. ಹೊಳಿ ಹೆಸರಿಟ್ಟರೆ ಕೂಸು ನಿಂತಲ್ಲಿ ನಿಲ್ಲದೇ ಹೋದೀತೇ ಎಂದು ಕೇಳಿದಳು. ನಿಲ್ಲದಿದ್ದರೆ ಒಳ್ಳೆಯದೇ ಆಯಿತು ಬಿಡು ಎಂದೆ.

ತೊಟ್ಟಿಲಿನ ದಿನ ನನ್ನನ್ನೂ ಎಳೆದುಕೊಂಡು ಹೋದಳು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಹೊನಲು ಬೇಡ, ಮಂದಾರ ಇರಲಿ ಎಂದಳು. ಹಡಗಲಿಯಲ್ಲಿ ಇಳಿಯುವಾಗ ಮತ್ತೆ ಹೊನಲು. ಮಾಗಳದ ಆಟೋದಲ್ಲಿ ಸೆರಗಿನ ತುದಿಯನ್ನು ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು.

ಗಾದೆಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. “ನಿಮ್ಮವ್ವನ ಹೆಸರು ಮನ್ಯಾಗ ಉಳೀಲಿ. ನಾ ಕೇಳಾದು ಅಷ್ಟಾ” ಎಂದ. ಎರ್ರೆಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಹಾಡು ಮುಗಿಯಿತು, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ನಮ್ಮ ಕಡೆ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಎಲ್ಲರೂ ಕೈ ಎತ್ತಿ ನಿಂತಿದ್ದರು. ಬಗ್ಗಿದ್ದ ಎರ್ರೆಮ್ಮ ನೆಟ್ಟಗಾದಳು.

“ಅಪ್ಪ, ಒಳಗ ಬಾ. ನೀ ಹೇಳಿದ ಹೆಸರಾ ಇಡ್ತೀನಿ. ಆದ್ರ ಮೊದ್ಲು ನೀನು, ಅಂಜಿನಿ, ಲಕ್ಷ್ಮಿ, ಮೂರೂ ಮಂದಿ ಆ ಹೆಸರಿಡಿದು ಈ ಕೂಸನ್ನ ಕರೀರಿ.”

ತಮಾಷೆಯೇನೋ ಎಂದು ಅವಳ ಮುಖ ನೋಡಿದೆ. ತಿಂಗಳ ಕೂಗಾಟವೆಲ್ಲ ನೀರಿನಲ್ಲಿ ಹೋಮವಾಯಿತೇ? ಆದರೆ ಅವಳು ತಮಾಷೆ ಮಾಡುತ್ತಿರಲಿಲ್ಲ.

ಲಕ್ಷ್ಮಿದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು, “ನನ್ನ ಕೈಲಾಗಂಗಿಲ್ಲಕ್ಕ” ಎಂದಳು. ಅಂಜಿನಿ ನೆಲ ನೋಡುತ್ತ, “ಅವ್ವನ ಹೆಸರಿಡಿದು ಹೆಂಗ ಕರೀಲಿ?” ಎಂದ. ಗಾದೆಪ್ಪ ಮಾತ್ರ ತೊಟ್ಟಿಲ ಹತ್ತಿರ ಬಂದ, ಹಗ್ಗ ಹಿಡಿದುಕೊಂಡ. ಬಾಯಿ ತೆರೆದ. “ಮೈ…” ಎನ್ನುವುದರಲ್ಲಿ ಕೆಮ್ಮು ಬಂತು. ಮತ್ತೆ ಬಾಯಿ ತೆರೆದ, ಮತ್ತೆ ಕೆಮ್ಮಿದ. ಬಾಗಿಲ ಬಳಿಯ ಮುದುಕಿಯೊಬ್ಬಳು ನನ್ನ ಕಿವಿಯಲ್ಲಿ, “ಆಕಿ ಇದ್ದಾಗಲೂ ಹಿಂಗಾ, ಹೆಂಡ್ತಿ ಹೆಸರಿಡಿದು ಕರದಾತಲ್ಲ. ಹೊಳಿಗೆ ಬಟ್ಟಿ ಒಗಿಯಾಕ ಹೋದಾಕಿನ್ನ ದಂಡಿತನ ಹೋಗಿ, ಕೆಮ್ಮಿ ಕರಕೊಂಡು ಬರ್ತಿದ್ದ” ಎಂದಳು. ಯಾರೋ ಕಿಸಕ್ಕನೆ ನಕ್ಕರು. ಗಾದೆಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ನಡೆದ.

ಎರ್ರೆಮ್ಮ ಅವನು ಹೋದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ಹೊನಲು ಎಂದಳು. ಬೆನ್ನ ಮೇಲೆ ಗುದ್ದುಗಳು ಬಿದ್ದವು. ಮೊದಲು ಕರೆದವಳು ಲಕ್ಷ್ಮಿದೇವಿ. ಮೆಲ್ಲಗೆ ಒಮ್ಮೆ, ಆಮೇಲೆ ಅಂಗಳಕ್ಕೆ ಕೇಳುವ ಹಾಗೆ “ಹೊನಲೂ” ಎಂದಳು, ಮತ್ತೆ ಮತ್ತೆ ಕರೆದಳು. ಅವಳ ಮುಖ ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ವಾಪಸು ಬರುವಾಗ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ, “ಅಂತೂ ಗೆದ್ದಿ ಬಿಡು ಎರ್ರೆಮ್ಮ” ಎಂದೆ. ಅವಳು ಕೂರದೆ ಕಂಬದಿಂದ ಕಂಬಕ್ಕೆ ಓಡಾಡುತ್ತಿದ್ದಳು.

“ಕರೀತಾನಂತ ತಿಳಿದಿದ್ದೆ ರೀ ಅಪ್ಪ. ಅಂವ ಒಬ್ಬಾತ ಕರದಿದ್ರ ಸಾಕಿತ್ತು, ಆ ಹೆಸರಾ ಇಡಾಕಿ ಇದ್ದೆ ನಾನು. ನಮ್ಮವ್ವನ ಹೆಸರಿಡಿದು ಆ ಮನ್ಯಾಗ ಯಾರಾರ ಕರದದ್ದನ್ನ ನಾನೂ ಒಮ್ಮಿ ಕೇಳಬೇಕಿತ್ತು.”