ಶಾರದಾ ಕಾಕುವಿನ ಹುಳಿ ಕಾಫಿ

ಹೋದ ವಾರ ಎತ್ತರದ ಗುಡ್ಡದ ಕಾಫಿಯ ಪೊಟ್ಟಣ ಬಿಚ್ಚಿದೆ ನೋಡಿ, ಮೂಗಿಗೆ ಮೊದಲು ಬಡಿದದ್ದು ಮೋಸಂಬಿ ಸಿಪ್ಪೆಯಂಥ ವಾಸನೆ. ಬೇರೆಯವರಾಗಿದ್ದರೆ ಆಹಾ ಅನ್ನುತ್ತಿದ್ದರೇನೋ. ನನಗೆ ಸಿಟ್ಟು ಬಂತು. ಇಳಕಲ್ಲಿನ ನಮ್ಮ ಹಳೆಯ ಮನೆ, ಪಡಸಾಲೆಯ ಎರಡು ಕುಣಿಮಗ್ಗ, ಅಡುಗೆಮನೆಯ ಬಾಗಿಲಲ್ಲಿ ಹಿತ್ತಾಳೆ ಫಿಲ್ಟರ್ ಹಿಡಿದು ನಿಂತ ಶಾರದಾ ಕಾಕು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಇಷ್ಟು ವರ್ಷವಾದ ಮೇಲೂ ಯಾರ ಮೇಲೆ ಸಿಟ್ಟಾಗಬೇಕು ಅಂತ ಸರಿಯಾಗಿ ಗೊತ್ತಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾಕು ಅಂದರೆ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ ಹೆಂಡತಿ. ಅವಳ ಅಪ್ಪ ನಮ್ಮ ಕಡೆಯವನೇ. ಆದರೆ ಚಿಕ್ಕಮಗಳೂರಿನ ಕಡೆ, ಮೋಡ ಕೈಗೆ ಸಿಗುವಷ್ಟು ಎತ್ತರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಅಲ್ಲೇ ಉಳಿದವನು. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಒಂದು ಬಟ್ಟೆಯ ಚೀಲದ ತುಂಬ ಕಾಫಿ ಬೀಜ ಕಳಿಸುತ್ತಿದ್ದ. ಕಾಕು ಆ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಕಪ್ಪಾಗುವ ಮೊದಲೇ ಇಳಿಸುತ್ತಿದ್ದಳು. ನಮ್ಮ ಬೋರಿನ ನೀರು ಮುಟ್ಟುತ್ತಲೇ ಇರಲಿಲ್ಲ. "ಸವಳು ನೀರಾಗ ಈ ಕಾಫಿ ಸಾಯ್ತೈತವ್ವಾ" ಅಂತ ಎರಡು ಓಣಿ ದಾಟಿ ಸಿಹಿನೀರಿನ ಬಾವಿಯಿಂದ ಒಂದು ತಂಬಿಗೆ ತರುತ್ತಿದ್ದಳು. ನೀರು ಕುದಿ ಬಂದ ಮೇಲೆ ಕೆಳಗಿಳಿಸಿ, ಕುದಿ ಆರಲಿ ಅಂತ ಕಾದು, ಆಮೇಲೆ ಪುಡಿಯ ಮೇಲೆ ಹಾಕುವುದು. ಒಂದೊಂದೇ ಹನಿ ಇಳಿಯುತ್ತಿತ್ತು. ಅವಳೂ ಕಾಕಾನೂ ಮಾತ್ರ ಅದನ್ನು ಕುಡಿಯುತ್ತಿದ್ದರು. ಉಳಿದ ನಮಗೆಲ್ಲ ಅಜ್ಜಿ ಗಳಗಳ ಕುದಿಸಿದ ಚಹಾ.

ಇನ್ನು ಅಜ್ಜ. ಅಜ್ಜನ ನಾಲಿಗೆಯ ಬಗ್ಗೆ ಹೇಳಲೇಬೇಕು. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಹಚ್ಚುತ್ತಾರೆ. ಗಂಜಿ ಹುಳಿ ಬಂದಿದ್ದರೆ ಇಡೀ ಸೀರೆಯ ನೂಲು ಹಾಳು. ಅಜ್ಜ ಪ್ರತಿ ಸಲ ಗಂಜಿಯಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಹಚ್ಚರಿ" ಅಥವಾ "ಚೆಲ್ಲರಿ" ಅನ್ನುತ್ತಿದ್ದ. ಮೂರನೆಯ ಮಾತಿಲ್ಲ. ಓಣಿಯ ಬೇರೆ ನೇಕಾರರೂ ಗಂಜಿಯ ಬಟ್ಟಲು ಹಿಡಿದು ಅವನ ಹತ್ತಿರ ಬರುತ್ತಿದ್ದರು.

ನಾನಾಗ ನಾಲ್ಕನೇ ಇಯತ್ತೆ. ಸೀರೆ ಒಯ್ಯಲು ವ್ಯಾಪಾರಿ ಬಂದಿದ್ದ. ಮನೆಯಲ್ಲಿ ಚಹಾಪುಡಿ ತೀರಿತ್ತು, ಕಾಕು ಬಾವಿಗೆ ಹೋಗಿದ್ದಳು. ಅಜ್ಜಿ ಕಾಕುವಿನ ಡಬ್ಬಿಯಿಂದ ಪುಡಿ ತೆಗೆದು, ಹಾಲು ಸಕ್ಕರೆ ಎಲ್ಲ ಒಟ್ಟಿಗೇ ಸುರಿದು, ಚಹಾ ಮಾಡಿದಂತೆಯೇ ಕುದಿಸಿಬಿಟ್ಟಳು. ಹಾಲು ಒಡೆಯಿತು. ಯಾರೂ ಕೇಳದಿದ್ದರೂ ಮೊದಲ ಗುಟುಕು ಕುಡಿದು "ಥೂ, ಹುಳಿ!" ಅಂದವಳು ನಾನು. ಪುಡಿ ಬೀಗರು ಕಳಿಸಿದ್ದು ಅಂತ ಅಜ್ಜಿ ಆಗಲೇ ಹೇಳಿದ್ದಳು, ವ್ಯಾಪಾರಿ ನಕ್ಕ. "ಬೀಗರು ಚಲೋ ಮಾಲ ಕಳಿಸ್ಯಾರ ಬಿಡ್ರಿ ಯಜಮಾನ್ರ!"

ಅಜ್ಜ ಕಪ್ಪಿನಲ್ಲಿ ಬೆರಳದ್ದಿದ. ನಾಲಿಗೆಗೆ ಮುಟ್ಟಿಸಿದ. ಕಣ್ಣು ಮುಚ್ಚಿದ.

"ಚೆಲ್ಲರಿ."

ಅಷ್ಟರಲ್ಲಿ ಕಾಕು ತಂಬಿಗೆ ಹಿಡಿದು ಒಳಗೆ ಬಂದಳು. "ಮಾವಾರ, ಅದು ಕೆಟ್ಟಿಲ್ರಿ. ಆ ಗುಡ್ಡದ ಕಾಫಿ ರುಚಿನ ಹಂಗರಿ, ಚೂರು ಹುಳಿ ಇರತೈತಿ. ಹಾಲಾಗ ಕುದಸಬಾರದ್ರಿ."

"ಐವತ್ತು ವರ್ಷ ಗಂಜಿ ನೋಡೇತಿ ಈ ನಾಲಿಗಿ. ಹುಳಿ ಅಂದ್ರ ಏನಂತ ನೀ ಕಲಸ್ತೀಯೇನವ್ವಾ ನನಗ?"

"ನಿಮ್ಮ ಮಗನ್ನರ ಕೇಳ್ರಿ. ದಿನಾ ಕುಡಿತಾರ."

ಎಲ್ಲರೂ ಕಾಕಾನ ಕಡೆ ನೋಡಿದೆವು. ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ತಲೆ ಎತ್ತಲಿಲ್ಲ. ಲಾಳಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡುತ್ತಲೇ ಇತ್ತು.

ಚೀಲದ ಬೀಜವೆಲ್ಲ ಗಟಾರಕ್ಕೆ ಹೋಯಿತು. ಸಂಜೆ ಅಜ್ಜ ನನ್ನ ಕೈಯಿಂದ ಬೀಗನಿಗೆ ಕಾರ್ಡು ಬರೆಸಿದ. ನನ್ನ ಅಕ್ಷರ ದುಂಡಗಿತ್ತು, ಅದೇ ಹೆಮ್ಮೆ ನನಗೆ. "ಕೆಟ್ಟ ಮಾಲು ಕಳಿಸಿ ನಮ್ಮ ಮರ್ಯಾದಿ ಕಳೀಬ್ಯಾಡ್ರಿ." ಕಾಕು ನೋಡುತ್ತಾ ನಿಂತಿದ್ದಳು. ಆಮೇಲೆ ಚೀಲ ಬರಲಿಲ್ಲ. ಅವಳ ಅಪ್ಪನೂ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕಾಕು ಅಜ್ಜಿಯ ಚಹಾ ಕುಡಿಯತೊಡಗಿದಳು. ಫಿಲ್ಟರಿನಲ್ಲಿ ನೂಲು ಸುತ್ತಿದ ಕಂಡಿಕೆ ತುಂಬಿಟ್ಟಳು. ಇಂಥದ್ದು ಬೇಕು, ಇದು ಹೀಗಲ್ಲ ಅಂತ ಆ ಮನೆಯಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ನಾನು ಮತ್ತೆ ಕೇಳಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡಳು. ಅಜ್ಜ ಅವಳಿಗಿಂತ ಮೊದಲೇ ಹೋಗಿದ್ದ. ಮನೆ ಪಾಲಾಯಿತು, ಪಡಸಾಲೆ ಇದ್ದ ಜಾಗದಲ್ಲಿ ಈಗ ಪವರ್‌ಲೂಮಿನ ಶೆಡ್ಡು.

ಕಾಫಿಯ ಹುಚ್ಚು ನನಗೆ ಹಿಡಿದದ್ದು ಆಮೇಲೆ. ಯಾರೂ ಕಲಿಸಲಿಲ್ಲ, ಸಿಕ್ಕಿದ್ದನ್ನೆಲ್ಲ ಓದಿದೆ, ಕೈ ಸುಟ್ಟುಕೊಂಡು ಹುರಿದೆ. ಆಗ ತಿಳಿಯಿತು. ಎತ್ತರದ ತಂಪಿನಲ್ಲಿ ಹಣ್ಣು ನಿಧಾನ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಹಣ್ಣಿನ ಹುಳಿ ಅದರೊಳಗೇ ಉಳಿಯುತ್ತದೆ. ತಗ್ಗಿನಲ್ಲಿ ಬೆಳೆಯುವ ರೋಬಸ್ಟಾ ಜಾತಿಯ ಕಾಫಿ ಕಹಿ, ಒರಟು. ಹಾಲು, ಚಿಕೋರಿ, ಕುದಿ ಏನು ಕೊಟ್ಟರೂ ತಾಳುತ್ತದೆ. ಗುಡ್ಡದ್ದು ತಾಳುವುದಿಲ್ಲ. ಕಾಕು ಹೇಳಿದ ಒಂದೊಂದು ಮಾತೂ ನಿಜ. ಗಂಜಿ ಹುಳಿಯಾದರೆ ಕೆಟ್ಟಿದೆ ಅಂತ ಅರ್ಥ, ಕಾಫಿ ಹುಳಿಯಾದರೆ ಅದು ಹುಟ್ಟಿದ ಊರು ಎತ್ತರದಲ್ಲಿದೆ ಅಂತ ಅರ್ಥ. ಇಷ್ಟು ಸಣ್ಣ ವಿಷಯ! ಇಷ್ಟಕ್ಕೆ ಒಬ್ಬಳ ಬಾಯಿ ಮುಚ್ಚಿಸಿದೆವು!

ಕಾಕಾ ಈಗ ಬಾಗಲಕೋಟೆಯಲ್ಲಿ ನಮ್ಮ ಜೊತೆಗೇ ಇದ್ದಾನೆ. ಹೋದ ವಾರ ಆ ಹಿತ್ತಾಳೆ ಫಿಲ್ಟರನ್ನೇ ತೊಳೆದೆ. ತೂತುಗಳಲ್ಲಿ ಸಿಕ್ಕಿದ್ದ ಕೆಂಪು ನೂಲನ್ನು ಸೂಜಿಯಿಂದ ಎಳೆದು, ಕಾಕು ಮಾಡುತ್ತಿದ್ದ ಹಾಗೆಯೇ ಇಳಿಸಿ, ಒಂದು ಲೋಟ ಅವನ ಕೈಗಿಟ್ಟೆ. ಒಂದು ಗುಟುಕು ಕುಡಿದ, ಮತ್ತೊಂದು ಗುಟುಕು ಕುಡಿದ.

"ಅಕೀ ಕಾಫಿ ಹಿಂಗ ಇರ್ತಿತ್ತು" ಅಂದ. "ಭಾಳ ಚಲೋ ಇರ್ತಿತ್ತು."

"ಮತ್ತ ಅವತ್ತ್ಯಾಕ ಹೇಳಲಿಲ್ಲ ಕಾಕಾ?"

"ಅಪ್ಪನ ಮುಂದ ಹೆಂಗ ಹೇಳ್ಲಿ?"

ಬೈಯಬೇಕು ಅಂದುಕೊಂಡೆ. ಆದರೆ ಆ ಕಾರ್ಡಿನ ದುಂಡನೆಯ ಅಕ್ಷರ ನನ್ನದೇ ಅಲ್ಲವೇ? ಕಾಕಾ ಖಾಲಿ ಲೋಟ ಮುಂದೆ ಹಿಡಿದ. ಫಿಲ್ಟರಿನಲ್ಲಿ ಇನ್ನೂ ಹನಿ ಇಳಿಯುತ್ತಿತ್ತು. ಅದು ಇಳಿಯುವವರೆಗೆ ಇಬ್ಬರೂ ಕಾಯುತ್ತಾ ಕೂತೆವು. ಅವನಿಗೆ ಏನು ಕೇಳಿಸುತ್ತಿತ್ತೋ ಗೊತ್ತಿಲ್ಲ. ನನಗೆ ಮಾತ್ರ ಆ ದಿನದ ಮಗ್ಗದ ಸದ್ದು ಕೇಳಿಸುತ್ತಿತ್ತು. ಒಂದೇ ಒಂದು ಗಳಿಗೆ ಅದು ನಿಂತಿದ್ದರೂ ಸಾಕಿತ್ತು.